ಒಣಗಿಸಿ ಅಳೆದ ಫಿಲ್ಮ್

ಮೆಟ್ರೋ ಬರುವುದರೊಳಗೆ ನಮ್ಮ ಲ್ಯಾಬಿನ ಪೊನ್ನಮ್ಮನ ವಿಷಯ ಹೇಳಿಬಿಡುತ್ತೇನೆ. ಅವಳಿಗೆ ಕೂತಲ್ಲಿ ಕೂರಲಾಗದು, ಸಿಕ್ಕಿರುವುದು ಮಾತ್ರ ಕಾಯುವ ಕೆಲಸ. ಗ್ರೇಟರ್ ನೋಯ್ಡಾದ ನಮ್ಮ ಕಾರ್ಖಾನೆ ಪ್ಯಾಕಿಂಗಿನ ಪ್ಲಾಸ್ಟಿಕ್ ಫಿಲ್ಮ್ ಮಾಡುತ್ತದೆ. ಪೊನ್ನಮ್ಮ ಅದರ ತುಂಡೊಂದನ್ನು ಯಂತ್ರಕ್ಕೆ ಸಿಕ್ಕಿಸಿ, ಒಂದು ಬದಿಗೆ ಆಮ್ಲಜನಕ ಬಿಟ್ಟು, ಇನ್ನೊಂದು ಬದಿಗೆ ಎಷ್ಟು ನುಸುಳಿತೆಂದು ಅಳೆಯುತ್ತಾಳೆ. ಅಂಕಿ ಏರಿ ಏರಿ ಒಂದು ಕಡೆ ನಿಲ್ಲಬೇಕು. ಅದಕ್ಕೆ ಇಡೀ ದಿನ ಬೇಕು. ಗಾಳಿ ಕಾಯುವುದಕ್ಕೂ ಸಂಬಳವೇ ಎಂದು ಸೇನೆಯಲ್ಲಿದ್ದ ಅವಳ ಅಪ್ಪ ಮಾಚಯ್ಯ ಛೇಡಿಸುತ್ತಾರಂತೆ.

ಹೋದ ಜುಲೈಯಲ್ಲಿ ಅವಳು ಪಾಸ್ ಮಾಡಿದ ಫಿಲ್ಮ್ ಕರೋಲ್ ಬಾಗಿನ ಲಾವಣ್ಯಾಗೆ ಹೋಗಲು ಲಾರಿ ಏರಿತ್ತು. ಲಾವಣ್ಯಾ ಆಫೀಸು ಬಿಟ್ಟು ಬಿಸಿಬೇಳೆಬಾತ್ ಪೊಟ್ಟಣದ ವ್ಯಾಪಾರ ಶುರುಮಾಡಿದವಳು; ಇದು ಅವಳ ಮೊದಲ ಆರ್ಡರ್. ಬಾತ್ ಸ್ವಲ್ಪ ತೆಳ್ಳಗೆ ಮಾಡಿದ್ದೇನೆ ಎಂದು ಅವಳು ಫೋನಿನಲ್ಲಿ ಹೇಳಿದ್ದೇ ತಡ, ಪೊನ್ನಮ್ಮ ತನ್ನ ರಿಪೋರ್ಟ್ ತೆಗೆದು ನೋಡಿದಳು. ನಮ್ಮ ಬೇರೆ ಗಿರಾಕಿಗಳೆಲ್ಲ ನಮ್‌ಕೀನ್, ಅಂದರೆ ಒಣ ಕುರುಕಲು ತಿಂಡಿ, ಮಾಡುವವರು. ಯಂತ್ರ ಯಾವಾಗಲೂ ಒಣಗಾಳಿಯಲ್ಲೇ ಓಡುತ್ತದೆ. ಲಾವಣ್ಯಾಳ ಫಿಲ್ಮನ್ನೂ ಪೊನ್ನಮ್ಮ ಅಭ್ಯಾಸಬಲದಿಂದ ಹಾಗೇ ಅಳೆದಿದ್ದಳು. ಈ ಫಿಲ್ಮಿನಲ್ಲಿ ಆಮ್ಲಜನಕ ತಡೆಯುವುದು ನಡುವಿನ ಪದರ. ತೇವ ಹೀರಿದರೆ ಅದು ಸಡಿಲವಾಗಿ ಆಮ್ಲಜನಕ ಒಳಗೆ ನುಸುಳುತ್ತದೆ, ಬಾತ್ ಬೇಗ ಕೆಡುತ್ತದೆ.

ಮ್ಯಾನೇಜರ್ ಕೇಶವಮೂರ್ತಿಯವರ ಮುಂದೆ ನಿಂತು, ಲಾರಿ ತಡೆಯಿರಿ ಎಂದಳು.

"ಪಾಸ್ ಅಂತ ಸೈನ್ ಹಾಕಿದ್ದು ಯಾರಮ್ಮ?"

"ನಾನೇ ಸರ್. ತೇವದಲ್ಲಿ ಇನ್ನೊಂದ್ಸಲ ನೋಡ್ತೀನಿ. ನಾಳೆ ತನಕ ಟೈಮ್ ಕೊಡಿ."

"ಅಚ್ಛಾ. ಸರಿ ಬಂತು ಅಂದ್ರೆ, ಲಾರಿ ನಿಲ್ಸಿದ್ದಕ್ಕೆ ನೀನೇ ಉತ್ತರ ಕೊಡ್ಬೇಕು."

ಮರುದಿನ ಬೆಳಗ್ಗೆ ಯಂತ್ರ ತೇವಗಾಳಿಯಲ್ಲಿ ಓಡುತ್ತಿದ್ದರೆ, ಅವಳು ಒರೆಸಿದ ಮೇಜನ್ನೇ ಮೂರು ಸಲ ಒರೆಸಿದಳು. ನನ್ನ ಚಹಾ ಅವಳೇ ಕುಡಿದಳು. ಹತ್ತು ಗಂಟೆಗೆ ಕೇಶವಮೂರ್ತಿ ಬಂದು ನೋಡಿದರೆ ಅಂಕಿ ಮಿತಿಯೊಳಗೇ ಇತ್ತು. ಚಲೋ, ಲಾರಿ ಬಿಡಿ ಎಂದು ಅವರು ಫೋನ್ ತೆಗೆದರು.

"ಇನ್ನೂ ಏರ್ತಿದೆ ಸರ್, ನಿಂತಿಲ್ಲ," ಎಂದಳು ಪೊನ್ನಮ್ಮ.

ಅವರು ಗೊಣಗುತ್ತಾ ಕುರ್ಚಿ ಎಳೆದುಕೊಂಡರು. ಮಧ್ಯಾಹ್ನ ಊಟದ ಹೊತ್ತಿಗೆ ಅಂಕಿ ಮಿತಿ ದಾಟಿತು. ಸಂಜೆ ನಾಲ್ಕು ಗಂಟೆಗೆ ಮಿತಿಯ ಎರಡರಷ್ಟಾಗಿ ನಿಂತಿತು. ಕೇಶವಮೂರ್ತಿ ಹಳೆಯ ರಿಪೋರ್ಟನ್ನು ಅವಳತ್ತ ತಳ್ಳಿದರು. ಅವಳು ಅದರಲ್ಲಿದ್ದ 'ಪಾಸ್' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಲಾವಣ್ಯಾಗೆ ಫೋನ್ ಹಚ್ಚಿದಳು.

"ಆ ಫಿಲ್ಮ್ ಬರಲ್ಲ. ತಪ್ಪು ನಂದು. ಬೇರೆಯದಕ್ಕೆ ಮೂರು ವಾರ ಬೇಕು."

ಆ ಕಡೆ ಕುಕ್ಕರಿನ ಒಲೆ ಆರಿಸಿದ ಸದ್ದು ಕೇಳಿತು.

"ಮೂರು ವಾರ ಅಂದ್ರೆ, ತಾರೀಖು ಹೇಳಿ," ಎಂದಳು ಲಾವಣ್ಯಾ. "ಅಂಗಡಿಯವ್ರಿಗೆ ನಾನು ಉತ್ತರ ಕೊಡ್ಬೇಕು."