ಕಾಯಿ ಹೆರೆದವರ ಬಗ್ಗೆ

ಅಜ್ಜನಿಗೆ ಯಾವತ್ತಾದರೂ ಥ್ಯಾಂಕ್ಸ್ ಹೇಳಿದ್ದುಂಟೇ ಎಂದು ಮೊನ್ನೆ ನೀವು ಮಕ್ಕಳು ಮಲಯಾಳದಲ್ಲಿ ಕೇಳಿದಿರಿ. ನಾನು ನಕ್ಕು ಒಳಗೆ ಹೋದೆ. ಬಾಯಿಮಾತಿನಲ್ಲಿ ನನಗೆ ಉತ್ತರ ಬೇಗ ಬರುವುದಿಲ್ಲ, ಬರೆದರೆ ಬರುತ್ತದೆ. ಇದು ಹಳ್ಳಿ ಶಾಲೆಯ ಕನ್ನಡ. ನಿಮಗೆ ಓದಲು ಕಷ್ಟವಾದರೆ ನಿಮ್ಮಮ್ಮ ಓದಿ ಹೇಳುತ್ತಾಳೆ.

ನಾವು ಫೋರ್ಟ್ ಕೊಚ್ಚಿಯಲ್ಲಿ ಬಾಡಿಗೆಗಿದ್ದಾಗ ನನ್ನ ಬಲ ಭುಜ ಹಿಡಿದುಕೊಂಡಿತು. ತೆಂಗಿನಕಾಯಿ ಹೆರೆಯಲು ಕೈ ಏಳದು. ಕಾಯಿಯಿಲ್ಲದೆ ಕಾಸರಗೋಡಿನವರ ಅಡಿಗೆಯೂ ಆಗದು. ಮರುದಿನ ಬೆಳಿಗ್ಗೆ ಅಜ್ಜ ಲುಂಗಿ ಮೇಲೆ ಕಟ್ಟಿ, ಕಾಯಿ ತುರಿಯುವ ಹೆರೆಮಣೆಯ ಮೇಲೆ ಕೂತರು. ಕಾಯಿ ಹೆರೆದು, ಸ್ನಾನ ಮಾಡಿ, ವಿಲ್ಲಿಂಗ್ಡನ್ ಐಲ್ಯಾಂಡಿನ ಆಫೀಸಿಗೆ ಬೋಟು ಹತ್ತಿದರು. ಭುಜ ಸರಿಯಾದ ಮೇಲೂ ಆ ಮಣೆ ನನಗೆ ಬಿಟ್ಟುಕೊಡಲಿಲ್ಲ.

ಆದರೆ ಅದು ಮನೆಯೊಳಗಿನ ಗುಟ್ಟು. ನಮ್ಮ ಕಡೆ ಗಂಡಸರು ಮದುವೆ ಮನೆಯಲ್ಲಿ ಊರಿಗೆಲ್ಲ ಅಡಿಗೆ ಮಾಡಿಯಾರು. ಸ್ವಂತ ಮನೆಯಲ್ಲಿ ಹೆರೆಮಣೆ ಮುಟ್ಟಿದರೆ ಹೆಂಡತಿ ಸೋಮಾರಿ ಅನ್ನುತ್ತಾರೆ. ಬೆಲ್ ಆದರೆ ಸಾಕು, ಅವರು ಎದ್ದು ಪೇಪರು ಹಿಡಿಯುತ್ತಿದ್ದರು, ನಾನು ಆ ಜಾಗದಲ್ಲಿ ಕೂರುತ್ತಿದ್ದೆ. ಪಕ್ಕದ ಮಲಯಾಳಿ ಮನೆಯಾಕೆ ಬಂದು, ಚೇಚಿ, ತುರಿಯಲ್ಲಿ ಚಿಪ್ಪಿನ ಒಂದು ಚೂರೂ ಬಿದ್ದಿಲ್ಲವಲ್ಲ ಎಂದು ಹೊಗಳುವಾಗ ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಅಜ್ಜನಿಗೆ ಸಲ್ಲಬೇಕಾದದ್ದೆಲ್ಲ ನನಗೆ ಸಲ್ಲುತ್ತಿತ್ತು. ನಾವಿಬ್ಬರೇ ಇರುವಾಗ ಉಪಕಾರವಾಯಿತು ಎಂದು ಹೇಳಲು ಹೋದರೆ, ನಾನೇನು ಹೊರಗಿನವನಾ ಎಂದು ತಡೆಯುತ್ತಿದ್ದರು.

ರಿಟೈರಾದ ಮೇಲೆ ತಿರುವನಂತಪುರಕ್ಕೆ, ನಿಮ್ಮ ಮನೆಗೆ ಬಂದೆವು. ಒಮ್ಮೆ ಊರಿನಿಂದ ಅಜ್ಜನ ಅಕ್ಕ ಬಂದರು. ಮದುವೆಯಾದಂದಿನಿಂದ ನಾನು ಅವರೆದುರು ಗಟ್ಟಿಯಾಗಿ ಮಾತಾಡಿದವಳಲ್ಲ. ಅಕ್ಕ ಊಟಕ್ಕೆ ಕೂತು ಅಲಸಂಡೆ ಪಲ್ಯದ ಮೇಲಿನ ಕಾಯಿತುರಿ ನೋಡಿ, ಇಷ್ಟು ನಯವಾಗಿ ಹೆರೆಯಲು ಈಗಿನವರಿಗೆ ಬಾರದು ಎಂದು ನನ್ನನ್ನು ಹೊಗಳಿದರು.

"ಹೆರೆದದ್ದು ನಾನಲ್ಲ, ಇವರು," ಅಂದೆ. "ಇವತ್ತು ಮಾತ್ರ ಅಲ್ಲ, ಕೊಚ್ಚಿಯಿಂದಲೂ ಇವರೇ. ನನಗೆ ಅದರಿಂದ ತುಂಬಾ ಉಪಕಾರ ಆಗಿದೆ."

ಅಜ್ಜ ತಟ್ಟೆ ನೋಡುತ್ತಾ ಕೂತರು, ಕಿವಿ ಕೆಂಪಾಗಿತ್ತು. ಒಡಹುಟ್ಟಿದವಳ ಮುಂದೆ ಅವರ ಮರ್ಯಾದೆ ತೆಗೆದೆನೋ ಎಂದು ನನಗೆ ದಿಗಿಲಾಯಿತು.

"ಹಾಗಾದ್ರೆ ಇನ್ನು ಸೀರೆ ಉಡುವುದೊಂದು ಬಾಕಿ ಮಾರಾಯಾ," ಅಂದರು ಅಕ್ಕ.

"ಸೀರೆ ಉಟ್ರೆ ಮಣೆಯಲ್ಲಿ ಕೂರ್ಲಿಕ್ಕೆ ಕಷ್ಟ ಅಕ್ಕಾ. ಲುಂಗಿಯೇ ಒಳ್ಳೇದು," ಅಂದರು ಅಜ್ಜ. ಮತ್ತೆ ನನ್ನ ಕಡೆ ನೋಡದೆ, "ಚಾಲೈ ಮಾರ್ಕೆಟಲ್ಲಿ ಕಾಯಿ ಆರಿಸಿದ್ದು ಇವಳು. ನಾನು ತಂದ್ರೆ ಅರ್ಧ ಕೊಳೆತದ್ದೇ ಇರ್ತದೆ."

ಅಕ್ಕ ಇನ್ನೊಂದು ಸೌಟು ಪಲ್ಯ ಹಾಕಿಸಿಕೊಂಡರು.

ಅಲ್ಲಿಂದ ನಮಗೊಂದು ದಾರಿ ಸಿಕ್ಕಿತು. ಮುಖ ನೋಡಿ ಹೇಳಲು ಇಬ್ಬರಿಗೂ ನಾಚಿಕೆ. ಬೇರೆಯವರಿಗೆ, ಆದರೆ ನಮ್ಮಲ್ಲಿ ಮತ್ತೊಬ್ಬರಿಗೆ ಕೇಳುವ ಹಾಗೆ ಹೇಳುವುದು ಸುಲಭ. ಹಾಲು ತರುವವಳಿಗೆ, ಮೇಲಿನ ಫ್ಲ್ಯಾಟಿನ ಟೀಚರಿಗೆ, ಫೋನಿನಲ್ಲಿ ನನ್ನ ತಂಗಿಗೆ, ಅಜ್ಜ ಮಾಡಿದ್ದನ್ನು ಹೇಳುತ್ತಲೇ ಇದ್ದೆ. ನಾನು ಶುರು ಮಾಡಿದರೆ ಒಳಗೆ ಟಿವಿಯ ಸದ್ದು ತಗ್ಗುತ್ತಿತ್ತು. ಅವರೂ ಹಾಗೆಯೇ, ವಾಕಿಂಗ್ ಗೆಳೆಯರನ್ನು ಬಾಗಿಲವರೆಗೆ ಕರೆತಂದು ನನ್ನ ಸುದ್ದಿ ಹೇಳುತ್ತಿದ್ದರು.

ಅಜ್ಜ ತೀರಿಹೋದಾಗ ನಾನು ತುಂಬಾ ಅತ್ತೆ. ನೀವೂ ನೋಡಿದ್ದೀರಿ. ಆದರೆ ಥ್ಯಾಂಕ್ಸ್ ಹೇಳದೆ ಉಳಿಯಿತಲ್ಲ ಎಂದು ಅತ್ತದ್ದಲ್ಲ.