ಮಂಗಳವಾರದ ಗಡ್ಡ

ಮೊನ್ನೆ ಜೆ.ಪಿ. ನಗರದ ಒಂದು ಏಸಿ ಸಲೂನಿನ ಗಾಜಿನ ಬಾಗಿಲನ್ನು ಸುಮ್ಮನೆ ತಳ್ಳಿದೆ. ತೆರೆದುಕೊಂಡಿತು. ಎದೆ ಧಸಕ್ಕೆಂದಿತು, ಯಾಕೆಂದರೆ ಅಂದು ಮಂಗಳವಾರ. ಮಂಗಳವಾರ ಕ್ಷೌರದಂಗಡಿ ತೆರೆದರೆ ಕನ್ನಡಿ ಒಡೆಯುತ್ತದೆ ಎಂದು ನಂಬಿದ್ದ ಕಾಲದ ಯಡಿಯೂರಿನವನು ನಾನು. ನಗಬೇಡಿ, ಕೇಳಿ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಯ ಎದುರಿಗೇ ಮುನಿರಾಜು ಅವರ ಅಂಗಡಿ. ಹಿಂದುಗಡೆ ಅವರ ಮನೆ. ನನ್ನ ತಲೆಯಲ್ಲಿ ಆಗಲೇ ಕತ್ತರಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಪುಕ್ಕಟೆ ಪೇಪರಿಗಾಗಿ ಹೋಗುತ್ತಿದ್ದೆ ಅನ್ನಿ. ಅಂಗಡಿಯಲ್ಲಿದ್ದ ಒಂದೇ ಐಶ್ವರ್ಯವೆಂದರೆ ಅವರಪ್ಪ ತಂದು ನಿಲ್ಲಿಸಿದ್ದ ಆಳೆತ್ತರದ ಕನ್ನಡಿ. ಅದಕ್ಕೆ ಊದುಬತ್ತಿ ಬೆಳಗದೆ ಮುನಿರಾಜು ಕತ್ತರಿ ಮುಟ್ಟುತ್ತಿರಲಿಲ್ಲ.

ಆ ಸುತ್ತಿನ ಕ್ಷೌರಿಕರೆಲ್ಲ ಸೇರಿ ಒಂದು ಸಂಘ ಕಟ್ಟಿದ್ದರು. ವಾರವಿಡೀ ನಿಂತೇ ದುಡಿಯುವ ಕಾಲಿಗೆ ಮಂಗಳವಾರ ಒಂದು ದಿನ ರಜೆ ಸಿಗಬೇಕು, ಅಷ್ಟೇ ಅವರ ಆಸೆ. ಆದರೆ ಯಾರಾದರೊಬ್ಬ ಷಟರನ್ನು ಅರ್ಧ ಎತ್ತಿ, ಗಿರಾಕಿಯನ್ನು ಬಗ್ಗಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದ. ಸಭೆ ಕರೆದು, ಬೈದಾಡಿ, ಬೋಂಡಾ ತಿಂದು ಎದ್ದರೂ ಅದು ನಿಲ್ಲಲಿಲ್ಲ. ಕೊನೆಗೆ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಬನಶಂಕರಿ ಕಡೆಯ ರೌಡಿ ಕೊಬ್ಬರಿ ಮಂಜನನ್ನು ಕರೆತಂದು ಹಾರ ಹಾಕಿ ಗೌರವಾಧ್ಯಕ್ಷನನ್ನಾಗಿ ಮಾಡಿದರು. ಇಲಿಯ ಕಾಟಕ್ಕೆ ಹಾವು ಸಾಕಿದಂತಾಯಿತು.

ಮಂಜ ಹುದ್ದೆಯನ್ನು ಯಾವ ಮಂತ್ರಿಯೂ ತೆಗೆದುಕೊಳ್ಳದಷ್ಟು ಗಂಭೀರವಾಗಿ ತೆಗೆದುಕೊಂಡ. ಮಂಗಳವಾರ ಅವನ ಹುಡುಗರು ಬೈಕಿನಲ್ಲಿ ಗಸ್ತು ತಿರುಗುವರು. ಷಟರ್ ಎದ್ದಿದ್ದರೆ ಒಳಗಿನ ಕನ್ನಡಿ ಪುಡಿ. ಶಿಸ್ತು ಅಂದರೆ ಶಿಸ್ತು! ಆಮೇಲೆ ಮಂಜನ ಹುಟ್ಟುಹಬ್ಬಕ್ಕೆ ಅಂಗಡಿ ಮುಚ್ಚದಿದ್ದರೂ ಕನ್ನಡಿ ಒಡೆಯಿತು, ಅವನ ಮೆರವಣಿಗೆಗೆ ಹೋಗದಿದ್ದರೂ ಒಡೆಯಿತು. ಗೌರವಾಧ್ಯಕ್ಷರಿಗೆ ಗೌರವ ಹೆಚ್ಚುತ್ತಾ ಹೋಯಿತು, ಸಂಘದಲ್ಲಿ ಕನ್ನಡಿ ಕಮ್ಮಿಯಾಗುತ್ತಾ ಬಂತು.

"ಕೈ ಮುರಿದ್ರೆ ಕೂಡ್ಕೊಳುತ್ತೆ ಸಾರ್," ಎನ್ನುತ್ತಿದ್ದರು ಮುನಿರಾಜು, ಕನ್ನಡಿ ಒರೆಸುತ್ತಾ. "ಇದು ಕೂಡಲ್ಲ."

ಹೀಗಿರುವಾಗ ಮಂಜನ ಕೇಸೊಂದು ಮಂಗಳವಾರವೇ ಕೋರ್ಟಿಗೆ ಬಂತು. ಗಡ್ಡ ತೆಗೆಸಿಕೊಂಡು ಮರ್ಯಾದಸ್ಥನ ಹಾಗೆ ಬಾ ಎಂದು ವಕೀಲರು ಹೇಳಿದ್ದರಂತೆ. ಬೆಳಿಗ್ಗೆಯೇ ಇಬ್ಬರು ಹುಡುಗರೊಂದಿಗೆ ಬಂದು ಮುನಿರಾಜು ಮನೆಯ ಬಾಗಿಲು ಬಡಿದ. ಹಾಲು ತರಲು ಹೊರಟಿದ್ದ ನಾನು ಅಲ್ಲೇ ಕಂಬವಾದೆ.

ಮುನಿರಾಜು ಕೈಮುಗಿದು ಹೇಳಿದರು: "ಇವತ್ತು ಮಂಗಳವಾರ ಅಲ್ವಾ ಅಣ್ಣ. ನಿಮ್ದೇ ಆರ್ಡರ್ರು. ನಿಮಗೇಂತ ಅಂಗಡಿ ತೆಗೆದ್ರೂ ನಿಮ್ ಹುಡುಗ್ರೇ ಬಂದು ಒಡೀತಾರೆ."

ಮಂಜ ಹುಡುಗರತ್ತ ತಿರುಗಿ ನೋಡಿದ. ಹೊಗಳಿಕೆ ಎಂದುಕೊಂಡ ಅವರು ಹೆಮ್ಮೆಯಿಂದ ತಲೆಯಾಡಿಸಿದರು. ಅಂದು ಅವನು ಅಲೆದ ಅಂಗಡಿಗಳಲ್ಲೆಲ್ಲ ಅದೇ ಉತ್ತರ ಸಿಕ್ಕಿತಂತೆ. ಸಂಘ ಒಂದೇ ಮಾತಿಗೆ ನಿಂತದ್ದು ಅದೇ ಮೊದಲು.

ಕೊನೆಗೆ ಮಂಜ ತಾನೇ ಬ್ಲೇಡು ಹಿಡಿದ. ಊರಿಗೆಲ್ಲ ಕತ್ತಿ ತೋರಿಸಿದವನಿಗೆ ಸ್ವಂತ ಗಡ್ಡ ಹೆರೆಯಲು ಬರುತ್ತಿರಲಿಲ್ಲ ಪಾಪ. ಮುಖದ ತುಂಬ ಪ್ಲಾಸ್ಟರ್ ಅಂಟಿಸಿಕೊಂಡು ಕೋರ್ಟಿಗೆ ಹೋದ. ಸಂಜೆಯ ಹೊತ್ತಿಗೆ, ಮಂಜನಿಗೆ ಬೇರೆ ಗ್ಯಾಂಗಿನವರು ಬ್ಲೇಡ್ ಹಾಕಿದರಂತೆ ಎಂಬ ಸುದ್ದಿ ಜಯನಗರ ದಾಟಿತ್ತು. ರೌಡಿಗೆ ಬಂಡವಾಳವೇ ಭಯ. ಅದು ಒಂದೇ ದಿನದಲ್ಲಿ ಕರಗಿತು.

ಬುಧವಾರ ಕೋಳಿ ಕೂಗುವ ಮೊದಲೇ ಮುನಿರಾಜು ಕನ್ನಡಿಯನ್ನು ಕಂಬಳಿಯಲ್ಲಿ ಸುತ್ತಿ ತಂದು ನಮ್ಮ ಮಂಚದ ಕೆಳಗಿಟ್ಟರು. ಎಣಿಸಿದಂತೆ ಮಂಜ ಬಂದ, ಒಬ್ಬನೇ. ಬೋಳು ಗೋಡೆಯೆದುರು ಕೂತು, ಕನ್ನಡಿ ಎಲ್ಲಿ ಎಂದು ಕೇಳಿದ. ಹಿಂಬದಿಗೆ ಹೊಸದಾಗಿ ಪಾದರಸ ಬಳಿಸಲು ಕೊಟ್ಟಿದ್ದೇನೆ ಎಂದರು ಮುನಿರಾಜು. ನಾನು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮರೆಸಿಕೊಂಡೆ.

"ಒಳ್ಳೇದಾಯ್ತು ಬಿಡು," ಎಂದ ಮಂಜ. "ಈ ಮುಖ ನೋಡೋ ಆಸೆ ನಂಗೂ ಇಲ್ಲ."

ಆಮೇಲೆ ಗಸ್ತು ನಿಂತಿತು, ಕನ್ನಡಿ ಉಳಿಯಿತು. ಆದರೆ ಷಟರುಗಳು ಮತ್ತೆ ಅರ್ಧ ಎದ್ದವು, ಬರಬರುತ್ತಾ ಪೂರ್ತಿ ಎದ್ದವು. ಅಂಗಡಿ ಇರುವವರೆಗೂ ಮಂಗಳವಾರ ಮುಚ್ಚಿದವರು ಮುನಿರಾಜು ಒಬ್ಬರೇ.

ಏಸಿ ಸಲೂನಿನಲ್ಲಿ ನನ್ನ ಕೊರಳಿಗೆ ಬಟ್ಟೆ ಸುತ್ತಿದವನು ಗದಗ ಕಡೆಯ ತರುಣ, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿದ್ದಾನೆ. ನಿನಗೆ ರಜೆ ಯಾವತ್ತಪ್ಪ ಎಂದೆ.

"ನಮಗೆಲ್ಲೀ ಸೂಟಿರೀ ಸರ," ಎಂದು ನಕ್ಕ. ನಗುವಾಗಲೂ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ.

ನನಗೆ ರೋಷ ಉಕ್ಕಿತು. ಬಟ್ಟೆ ಕಿತ್ತು ಎದ್ದು ನಿಂತು, ಮಂಗಳವಾರ ನಾನು ಗಡ್ಡ ತೆಗೆಸುವುದಿಲ್ಲ ಎಂದು ಘೋಷಿಸಿದೆ. ಅವನ ಮುಖ ಬಾಡಿತು.

"ಹಂಗ ಎದ್ದು ಹೋಗಬ್ಯಾಡ್ರೀ ಸರ. ನಾ ಏನರ ತಪ್ಪು ಮಾಡೇನಿ ಅಂತ ಮ್ಯಾನೇಜರ್ ನನಗ ಬೈತಾರ."

ಮತ್ತೆ ಕೂತೆ. ಎದುರಿಗೆ ಗೋಡೆಯಗಲದ ಕನ್ನಡಿ ಫಳಫಳ ಹೊಳೆಯುತ್ತಿತ್ತು. ಕಣ್ಣು ಮುಚ್ಚಿ ಗಲ್ಲ ಎತ್ತಿದೆ. ಕನ್ನಡಿಯೊಳಗಿನ ಆ ಮುಖ ನೋಡುವ ಆಸೆ ನನಗೂ ಇರಲಿಲ್ಲ.