ಶೀಟಿಗೆ ಬಿಳಿ ಬಳಿಯಿರಿ ಎಂದವಳು

ಬೆಂಗ್ರೆಯ ನಮ್ಮ ಓಣಿಗೆ ಯಾವುದೋ ಸಂಸ್ಥೆಯವಳೊಬ್ಬಳು ಬರುತ್ತಿದ್ದಳು. ಮನೆ ಮೇಲಿನ ಶೀಟಿನ ಮಾಡಿಗೆ ಬಿಸಿಲು ತಡೆಯುವ ಬಿಳಿ ಪೈಂಟ್ ಬಳಿದರೆ ಒಳಗೆ ತಂಪು, ಫ್ಯಾನಿನ ಕರೆಂಟೂ ಉಳಿಯುತ್ತದೆ, ಬಡವರಿಗೆ ಪುಕ್ಕಟೆ ಎನ್ನುತ್ತಿದ್ದಳು. ಕೊನೆಗೆ ಶಾಲಿನಿಂದ ಕುತ್ತಿಗೆ ಒರೆಸಿಕೊಂಡು, "ಬೇಕಾದ್ರೆ ಮಧ್ಯಾಹ್ನ ಒಳಗೆ ಕೂತು ನೋಡಿ ಅಕ್ಕಾ" ಎನ್ನುವುದು. ದಿನಾ ಕೂರುವವರು ನಾವು. ಅದನ್ನು ನಮಗೇ ಹೇಳುತ್ತಾಳಲ್ಲ ಎಂದು ನನಗೆ ಸಿಟ್ಟು.

ಯಾರೂ ಒಪ್ಪಲಿಲ್ಲ. ಬಿಳಿ ಬಳಿಯುವುದು ಸರ್ಕಾರದವರಿಗೆ ಆಕಾಶದಿಂದ ಗುರುತು ಸಿಗಲಿಕ್ಕೆ, ಆಮೇಲೆ ಬಂದು ಮನೆ ಒಡೆಯುತ್ತಾರೆ ಎಂದು ಸುದ್ದಿ ಹಬ್ಬಿತ್ತು. ಓಣಿಯವರು ಒಪ್ಪದಿದ್ದರೆ ಪೈಂಟ್ ಬೇರೆ ಕಡೆಗೆ ಹೋಗುತ್ತದೆ ಎಂದು ಅವಳು ಕೊನೆಯ ಸಲ ಕೇಳಲು ಬಂದಳು. ಬಲೆ ಸರಿಮಾಡುತ್ತಿದ್ದ ನೆರೆಮನೆಯವನು ತಲೆ ಎತ್ತದೆ ಕೇಳಿದ: "ನಿಮ್ಮ ಮನೆಗೆ ಬಳಿದಿದ್ದೀರಾ ಮೇಡಂ?"

"ಇಲ್ಲ ಮಾರಾಯ್ರೆ. ನನ್ನದೂ ಶೀಟೇ, ಬಾಡಿಗೆಯದ್ದು. ಓನರ್ ಬಿಡುದಿಲ್ಲ."

"ಹಾಗಾದ್ರೆ ನಮಗೆ ಎಂತಕ್ಕೆ ಹೇಳುದು?" ಎಲ್ಲರೂ ನಕ್ಕರು.

"ನಿಮ್ಮದು ಸ್ವಂತದ್ದು ಉಂಟಲ್ಲ" ಎಂದಳು.

ನಗು ನಿಂತಿತು.

"ಬಾ ಮಾರಾಯ್ತಿ, ಮೊದಲು ನನ್ನದಕ್ಕೆ ಬಳಿ. ಒಡೆಯುದಾದ್ರೆ ನನ್ನದನ್ನೇ ಮೊದಲು ಒಡೀಲಿ" ಎಂದೆ.

ಅವಳು ಥ್ಯಾಂಕ್ಸ್ ಎನ್ನಲಿಲ್ಲ. "ಏಣಿ ಉಂಟಾ?" ಎಂದು ಕೇಳಿದಳು. ಬಲೆ ಬದಿಗಿಟ್ಟು ನೆರೆಮನೆಯವನೇ ಎದ್ದ.